ಕ್ಯಾನ್ಸರ್ ಬಂದಾಗ ಹಳೆಯ ಕಾಯಿಲೆಗಳನ್ನು ಮರೆಯದಿರಿ



ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡದ ಸೀಮೆಯಲ್ಲಿ ಕಾಫಿ ಕೊಯ್ಲು ಆರಂಭವಾಯಿತೆಂದರೆ ಮೈಯ ನೋವನ್ನು ವಿಚಾರಿಸಿಕೊಳ್ಳಲು ಯಾರಿಗೂ ಬಿಡುವಿರುವುದಿಲ್ಲ. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತೇವೆ. ಅಷ್ಟರಲ್ಲಿ ಮಳೆಗಾಲ ಹಿಡಿಯುತ್ತದೆ. ಹೀಗೆ ಮುಂದೂಡಲ್ಪಡುವ ರೋಗಗಳಲ್ಲಿ ಕ್ಯಾನ್ಸರ್ ಒಂದು. ಆದರೆ ಇಂದು ನಾನು ಹೇಳಹೊರಟಿರುವುದು ಕ್ಯಾನ್ಸರಿನ ಜೊತೆಗೇ ಅದೇ ಮೈಯಲ್ಲಿ ಬೀಡುಬಿಟ್ಟಿರುವ ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮುಂತಾದ ದೀರ್ಘಕಾಲದ ಕಾಯಿಲೆಗಳನ್ನು ಕುರಿತು.

50 ದಾಟಿದ ಗೃಹಿಣಿಯೊಬ್ಬಳನ್ನು ಊಹಿಸಿಕೊಳ್ಳಿ. ಆಕೆಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಆಗಾಗ ಬಿಳಿಸೆರಗು, ತುರಿಕೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ದಿನ ರಕ್ತ ಕಾಣುತ್ತದೆ. ಇದೂ ಸಕ್ಕರೆಯಿಂದಲೇ ಇರಬೇಕೆಂದು ಆಕೆ ಸುಮ್ಮನಾಗುತ್ತಾಳೆ. ಗಂಡನೊಡನೆ ಹೇಳಲು ಸಂಕೋಚ. ಗಂಡನ ರೀತಿಯೂ ಬೇರೆಯಲ್ಲ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕುವ ಅವನ ಕೆನ್ನೆಯೊಳಗಿನ ಹುಣ್ಣು ಮಾಯದಿದ್ದರೆ, ಸಕ್ಕರೆಯವರ ಹುಣ್ಣು ಬೇಗ ಒಣಗದು ಎಂದು ತಾನೇ ತೀರ್ಪು ಕೊಟ್ಟುಕೊಳ್ಳುತ್ತಾನೆ. ಹೊಸ ರೋಗವನ್ನು ಹಳೆಯ ಕಾಯಿಲೆಯ ತಲೆಗೆ ಕಟ್ಟಿಬಿಡುವ ಈ ಅಭ್ಯಾಸದಿಂದ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. 2 ವಾರ ಕಳೆದರೂ ಮಾಯದ ಬಾಯಿಹುಣ್ಣು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಸ್ತನದಲ್ಲಿನ ಗಂಟು, ಇವುಗಳನ್ನು ವೈದ್ಯರೇ ನೋಡಿ ನಿರ್ಣಯಿಸಬೇಕು. 30 ವರ್ಷ ದಾಟಿದವರಿಗೆ ಸಕ್ಕರೆ, ರಕ್ತದ ಒತ್ತಡಗಳ ಜೊತೆಗೆ ಬಾಯಿ, ಸ್ತನ, ಗರ್ಭಕೊರಳುಗಳ ತಪಾಸಣೆಯನ್ನೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುವ ಏರ್ಪಾಡು ಉಂಟು. ದಂಪತಿಗಳು ಜೊತೆಯಾಗಿಯೇ ಹೋಗಿರಿ.

ಇನ್ನು ಕ್ಯಾನ್ಸರ್ ಎಂದು ಗೊತ್ತಾದ ಮೇಲಿನ ಮಾತು. ಆ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿ ಕಂಗೆಡುತ್ತಾರೆ; ದಿನನಿತ್ಯದ ಗುಳಿಗೆಗಳು ಗೋಡೆಯ ಗೂಡಿನಲ್ಲೇ ಉಳಿಯುತ್ತವೆ. ದೊಡ್ಡ ರೋಗವೇ ಬಂದಿರುವಾಗ ಇವೇಕೆ ಎಂಬ ಭಾವನೆ. ಇದು ಅಪಾಯಕರ. ಸಕ್ಕರೆ ಏರಿದ್ದರೆ ಶಸ್ತ್ರಚಿಕಿತ್ಸೆಯ ಗಾಯ ಬೇಗ ಕೂಡುವುದಿಲ್ಲ, ಸೋಂಕು ಸುಲಭವಾಗಿ ತಗಲುತ್ತದೆ. ಕ್ಯಾನ್ಸರ್ ಔಷಧಗಳೊಡನೆ ವಾಂತಿಯನ್ನು ತಡೆಯಲು ಕೊಡುವ ಸ್ಟೀರಾಯ್ಡ್ ಔಷಧವು ಸಕ್ಕರೆಯನ್ನು ಇನ್ನಷ್ಟು ಏರಿಸುವುದುಂಟು. ಹಾಗೆಂದು ಊಟ ಸೇರದೆ ವಾಂತಿಯಾಗುತ್ತಿರುವ ದಿನ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಹಠಾತ್ತನೆ ಇಳಿದು, ಬೆವರಿ, ನಡುಗಿ, ಎಚ್ಚರ ತಪ್ಪಬಹುದು. ಆದುದರಿಂದ ಔಷಧದ ಪ್ರಮಾಣವನ್ನು ಏರಿಸುವುದಾಗಲಿ, ಇಳಿಸುವುದಾಗಲಿ ವೈದ್ಯರನ್ನು ಕೇಳಿಯೇ ನಡೆಯಬೇಕು. ಕ್ಯಾನ್ಸರ್ ಔಷಧಗಳಲ್ಲಿ ಕೆಲವು ಹೃದಯಕ್ಕೂ ಕೆಲವು ಮೂತ್ರಪಿಂಡಕ್ಕೂ ಭಾರವಾಗುವಂಥವು. ಹಳೆಯ ಕಾಯಿಲೆ ಮೊದಲೇ ತಿಳಿದರೆ ವೈದ್ಯರು ಬೇರೆ ಔಷಧವನ್ನು ಆರಿಸಬಲ್ಲರು.

ತಿಳಿಸುವವರು ಯಾರು? ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ ಸಕಲೇಶಪುರದಿಂದ 200 ಕಿಲೋಮೀಟರಿಗೂ ದೂರ. ನಿಮ್ಮೂರ ವೈದ್ಯರು ಕೊಟ್ಟ ಗುಳಿಗೆ ಅಲ್ಲಿಯವರಿಗೆ ತಾನಾಗಿ ತಿಳಿಯದು. ಆಸ್ಪತ್ರೆಗೆ ಹೊರಡುವಾಗ ಹಳೆಯ ಚೀಟಿಗಳು, ಪರೀಕ್ಷೆಯ ವರದಿಗಳು, ಉಳಿದ ಗುಳಿಗೆಗಳು ಎಲ್ಲವನ್ನೂ ಒಂದೇ ಬಟ್ಟೆಯ ಚೀಲದಲ್ಲಿ ಹಾಕಿಕೊಳ್ಳಿರಿ. ನಾಟಿ ಔಷಧದ ಪುಡಿಯಿದ್ದರೆ ಅದನ್ನೂ ತೋರಿಸಿರಿ. ವೈದ್ಯರು ಬೈದರೆ ಬೈಸಿಕೊಳ್ಳಿ, ಬಚ್ಚಿಡಬೇಡಿ. ಈ ಚೀಲದ ಹೊಣೆ ರೋಗಿಯದಲ್ಲ, ಕೈಹಿಡಿದವರದು.

ಮತ್ತೊಂದು ಮಾತು. ಕ್ಯಾನ್ಸರ್ ಔಷಧ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಬೆಳಗಿನ ಬಸ್ಸನ್ನು ಕಾಯುವಂತಿಲ್ಲ. ಜ್ವರದ ಗುಳಿಗೆ ನುಂಗಿಸಿ ಮಲಗಿಸುವಂತೆಯೂ ಇಲ್ಲ. ಅದೇ ರಾತ್ರಿ ಆಸ್ಪತ್ರೆ ಸೇರಬೇಕು. ಹೆತ್ತೂರು, ಯಸಳೂರು ಕಡೆಯ ಒಂಟಿ ಮನೆಗಳವರು ಜ್ವರ ನೋಡುವ ಥರ್ಮಾಮೀಟರನ್ನು ಈಗಲೇ ತಂದಿಟ್ಟುಕೊಂಡು, 108ರ ಜೊತೆಗೆ ಹತ್ತಿರದಲ್ಲಿ ಜೀಪು ಇರುವವರ ದೂರವಾಣಿ ಸಂಖ್ಯೆಯನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿರಿ.