ಬ್ಯಾಟರಿ ಪಾನಾ: ನಮಗೆ ಯಾವ ಅಳತೆಯದು ಬೇಕು?
(ನರಗುಂದ ಭಾಗದ ರೈತರ ಕೂಟದಲ್ಲಿ ಆಡಿದ ಮಾತು)



ನರಗುಂದದ ಸುತ್ತಣ ಎರೆ ಭೂಮಿಯ ಗುಣವನ್ನು ನಿಮಗೆ ನಾನು ಹೇಳಬೇಕಾದುದಿಲ್ಲ. ಮಳೆ ಬಿದ್ದರೆ ಅದು ಕಾಲಿಡಗೊಡದು. ಬಿಸಿಲು ಹತ್ತಿದರೆ ಬಿರುಕು ಬಿಡುವುದು. ಈ ಎರಡರ ನಡುವಿನ ಹದದಲ್ಲಿಯೇ ಹಿಂಗಾರಿಯ ಕಡಲೆ, ಬಿಳಿಜೋಳ ಬಿತ್ತಿ ಮುಗಿಸಬೇಕು. ಅಂಥ ದಿನ ಕಲ್ಟಿವೇಟರಿನ ಒಂದು ಬೋಲ್ಟು ಸಡಿಲಾದರೆ, ಮಿಸ್ತ್ರಿಯನ್ನು ಹುಡುಕಿ ತರುವುದರಲ್ಲಿ ಹದ ಹೋಗುತ್ತದೆ. ಸಣ್ಣ ರಿಪೇರಿ ನಮ್ಮ ಕೈಯಲ್ಲಿಯೇ ಇರಬೇಕು.

ಇದಕ್ಕೆಂದು ಈಗ ಬ್ಯಾಟರಿಯಿಂದ ನಡೆಯುವ ರ್‍ಯಾಚೆಟ್ ಪಾನಾ ಅಂಗಡಿಗಳಲ್ಲಿ ಸಿಗುತ್ತದೆ. ಗುಂಡಿ ಒತ್ತಿದರೆ ನಟ್ಟು ತಾನೇ ತಿರುಗುವುದು. ಕೈ ಹಿಡಿಸದ ಇಕ್ಕಟ್ಟಿನಲ್ಲಿ ಇದು ಬಹಳ ಉಪಯುಕ್ತ. ಆದರೆ ಅಳತೆ ತಪ್ಪಿ ಕೊಂಡರೆ ಹಣವೂ ಹೋಗುತ್ತದೆ, ಕೆಲಸವೂ ಕೆಡುತ್ತದೆ. ನಾನೇ ಹಾಗೆ ಕೆಟ್ಟವನು. ದೊಡ್ಡದಾದರೆ ಎಲ್ಲದಕ್ಕೂ ಆದೀತೆಂದು ದೊಡ್ಡದನ್ನೇ ತಂದೆ. ಎಂಜಿನ್ನಿನ ಒಂದು ಸಣ್ಣ ಬೋಲ್ಟು ಬಿಗಿಯುವಾಗ ಅದು ತೂತಿನಲ್ಲಿಯೇ ಮುರಿದು ಕುಳಿತಿತು. ಅದನ್ನು ತೆಗೆಸುವುದರಲ್ಲಿ ಬಿತ್ತನೆಯ ಒಂದು ದಿನ ಹೋಯಿತು.

ಸಾಕೆಟ್ ಕೂಡಿಸುವ ಚೌಕ ತುದಿಯ ಅಗಲವೇ ಈ ಪಾನಾದ ಅಳತೆ. ಅದು ಕಾಲು ಇಂಚು, ಮೂರು ಸೂತು, ಅರ್ಧ ಇಂಚು ಹೀಗೆ ಮೂರು ತರಹ. ಅದರ ಬಲವನ್ನು ನ್ಯೂಟನ್-ಮೀಟರ್ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಆ ಅಂಕಿಯನ್ನು 3ರಿಂದ ಭಾಗಿಸಿರಿ. ಒಂದಡಿ ಉದ್ದದ ಪಾನಾದ ತುದಿಗೆ ಅಷ್ಟು ಕಿಲೋ ಭಾರ ತೂಗಿಬಿಟ್ಟಂತೆ ಎಂದು ತಿಳಿಯಿರಿ. 60 ಎಂದರೆ 20 ಕಿಲೋ.

ಇನ್ನು ಬೋಲ್ಟು ಎಷ್ಟು ಬಿಗಿ ಕೇಳುತ್ತದೆ? ಗಟ್ಟಿ ಉಕ್ಕಿನ ಬೋಲ್ಟುಗಳಿಗೆ ಸುಮಾರು ಲೆಕ್ಕ ಹೀಗಿದೆ:

10 ನಂಬರ್ ಪಾನಾ ಹಿಡಿಯುವ 6 ಮಿಲಿಮೀಟರ್ ಬೋಲ್ಟಿಗೆ 10;
13 ನಂಬರಿನ 8 ಮಿಲಿಮೀಟರ್ ಬೋಲ್ಟಿಗೆ 25;
17 ನಂಬರಿನ 10 ಮಿಲಿಮೀಟರ್ ಬೋಲ್ಟಿಗೆ 50;
19 ನಂಬರಿನ 12 ಮಿಲಿಮೀಟರ್ ಬೋಲ್ಟಿಗೆ 80.

ಬ್ಯಾಟರಿ ರ್‍ಯಾಚೆಟ್ಟಿನ ಬಲ ಸಾಮಾನ್ಯವಾಗಿ 40ರಿಂದ 80. ಅಂದಮೇಲೆ 10 ನಂಬರಿನ ಬೋಲ್ಟನ್ನು ಅದು ಮುರಿಯಬಲ್ಲದು. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ನಟ್ಟನ್ನು ಮಾತ್ರ ಅಲುಗಾಡಿಸಲಾರದು. ಆ ನಟ್ಟು 200ರ ಆಚೀಚೆಯ ಬಿಗಿ ಕೇಳುವುದುಂಟು. ಸರಿಯಾದ ಅಂಕಿಯನ್ನು ಟ್ರ್ಯಾಕ್ಟರಿನ ಪುಸ್ತಕದಲ್ಲಿ ನೋಡಿರಿ. ಹೋರಿಗರುವಿಗೆ ಯಾರಾದರೂ ರಂಟೆ ಹೂಡುತ್ತಾರೆಯೇ? ಗಾಲಿಯ ಕೆಲಸಕ್ಕೆ ಉದ್ದ ಹಿಡಿಕೆಯ ಪಾನಾವೇ ಸರಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೋಟಾರ್ ಸೈಕಲ್ಲು, ಔಷಧ ಹೊಡೆಯುವ ಪಂಪು ಇಷ್ಟೇ ಇದ್ದವರಿಗೆ ಕಾಲು ಇಂಚಿನದು ಸಾಕು. ಟ್ರ್ಯಾಕ್ಟರ್, ಕೂರಿಗೆ, ರಾಶಿ ಯಂತ್ರ ಇದ್ದವರು ಒಂದನ್ನೇ ಕೊಳ್ಳುವುದಾದರೆ ಮೂರು ಸೂತಿನದನ್ನು ಕೊಳ್ಳಿರಿ. 10ರಿಂದ 19 ನಂಬರಿನ ಸಾಕೆಟ್ಟುಗಳು ಅದಕ್ಕೆ ಹೊಂದುತ್ತವೆ. ಅರ್ಧ ಇಂಚಿನದು ದಿನವೂ ದೊಡ್ಡ ಬೋಲ್ಟು ಬಿಚ್ಚುವವರಿಗೆ. ಮನೆಯಲ್ಲಿ ಬ್ಯಾಟರಿ ಡ್ರಿಲ್ ಇದ್ದರೆ ಅದೇ ಕಂಪನಿಯದನ್ನು ನೋಡಿರಿ. ಬ್ಯಾಟರಿಯ ಮಾದರಿ ಒಂದೇ ಆದರೆ ಎರಡಕ್ಕೂ ಬಂದೀತು. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ.

ಬಳಸುವ ರೀತಿ ಇದು. ಬಿಗಿಯಾದ ನಟ್ಟನ್ನು ಮೊದಲು ಕೈ ಪಾನಾದಿಂದ ಸಡಿಲಿಸಿರಿ. ಬಳಿಕ ಯಂತ್ರದಿಂದ ಬಿಚ್ಚಿರಿ. ಹಾಕುವಾಗ ಮೊದಲ ಎರಡು ಸುತ್ತು ಬೆರಳಿನಿಂದ, ನಡುವೆ ಯಂತ್ರದಿಂದ, ಕೊನೆಯ ಬಿಗಿ ಮತ್ತೆ ಕೈಯಿಂದ. ನಟ್ಟು ನಿಂತ ಕ್ಷಣವೇ ಯಂತ್ರದ ಹಿಡಿಕೆ ಹಿಂದಕ್ಕೆ ತಿರುಗಿ ಹೊಡೆಯುತ್ತದೆ. ಕಬ್ಬಿಣಕ್ಕೂ ಹಿಡಿಕೆಗೂ ನಡುವೆ ಬೆರಳಿದ್ದರೆ ಜಜ್ಜಿಹೋದೀತು. ರೋಟಾವೇಟರಿಗೆ ಕೈ ಹಾಕುವ ಮುನ್ನ ಎಂಜಿನ್ ನಿಲ್ಲಿಸಿ, ಕೀಲಿ ಕಿಸೆಯಲ್ಲಿಟ್ಟುಕೊಂಡು, ಅಡಿಗೆ ಮರದ ದಿಮ್ಮಿ ಕೊಡಿರಿ. ಬ್ಯಾಟರಿಯನ್ನು ಬಿಸಿಲಲ್ಲಿ, ಎರೆಮಣ್ಣಿನ ಧೂಳಲ್ಲಿ ಬಿಡಬೇಡಿರಿ.

ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿರಿ. ನಿಮ್ಮ ಸಲಕರಣೆಗಳ ಹತ್ತಿರ ಕುಳಿತು ಯಾವ ನಂಬರಿನ ನಟ್ಟು ಎಷ್ಟಿವೆಯೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಅಂಗಡಿಯವನ ಮಾತಿಗಿಂತ ಆ ಚೀಟಿಯೇ ನಿಮಗೆ ಸರಿಯಾದ ಅಳತೆಯನ್ನು ಹೇಳುತ್ತದೆ.