ಬೆಳಕಿಗೂ ಬೇಕು ಮಿತಿ

ಹವ್ಯಾಸಕ್ಕಾಗಿ ಎಲೆಕ್ಟ್ರಾನಿಕ್ಸ್ ಕಲಿಯುವವರು ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುವ ಕೆಲಸವೆಂದರೆ, 2005ರಲ್ಲಿ ಇಟಲಿಯ ಇವ್ರೇಯಾ ಪಟ್ಟಣದಲ್ಲಿ ರೂಪುಗೊಂಡ ಆರ್ಡುಯಿನೊದಂತಹ ನಿಯಂತ್ರಕ ಬೋರ್ಡಿಗೆ ಎಲ್‌ಇಡಿ ದೀಪವೊಂದನ್ನು ಜೋಡಿಸಿ, ಬರೆದ ಆದೇಶದಂತೆ ಅದನ್ನು ಬೆಳಗಿಸುವುದು. ಎಲ್‌ಇಡಿ ಎಂಬುದು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಟ್ಟು ಬೆಳಕು ಸೂಸುವ ಅರೆವಾಹಕ ಸಾಧನವಾದುದರಿಂದ, ಅದರ ಉದ್ದನೆಯ ಕಾಲನ್ನು ಧನ ತುದಿಯ ಕಡೆಗೂ ಗಿಡ್ಡ ಕಾಲನ್ನು ಋಣ ತುದಿಯ ಕಡೆಗೂ ಸೇರಿಸಬೇಕಾಗುತ್ತದೆ. ಆದರೆ ತನ್ನ ಮಿತಿಯನ್ನು ತಾನೇ ಕಾಯ್ದುಕೊಳ್ಳುವ ಗುಣ ಈ ದೀಪಕ್ಕಿಲ್ಲ. ವೋಲ್ಟೇಜು ನಿರ್ದಿಷ್ಟ ಮಟ್ಟವನ್ನು ಸ್ವಲ್ಪ ದಾಟಿದರೂ ವಿದ್ಯುತ್ ಪ್ರವಾಹ ಹಲವು ಪಟ್ಟು ಏರಿ, ದೀಪವೂ ಬೋರ್ಡೂ ಹಾಳಾಗಬಹುದು.

ಆದ್ದರಿಂದಲೇ ನಡುವೆ ಪ್ರವಾಹವನ್ನು ಹತೋಟಿಯಲ್ಲಿಡುವ ರೆಸಿಸ್ಟರ್ ಎಂಬ ಪುಟ್ಟ ಬಿಡಿಭಾಗವನ್ನು ಇರಿಸಲಾಗುತ್ತದೆ. 5 ವೋಲ್ಟ್ ನೀಡುವ ಬೋರ್ಡಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಬಳಸಿಕೊಂಡರೆ, ಉಳಿದ 3 ವೋಲ್ಟನ್ನು 220 ಓಮ್‌ನ ರೆಸಿಸ್ಟರ್ ಹೊತ್ತುಕೊಂಡು, ಪ್ರವಾಹವನ್ನು ಸುಮಾರು 14 ಮಿಲಿಆಂಪಿಯರ್‌ಗೆ ನಿಲ್ಲಿಸುತ್ತದೆ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ ಎಂಬ ಓಮ್ ನಿಯಮವೇ ಈ ಲೆಕ್ಕಕ್ಕೆ ಆಧಾರ. ಅದೇ ಜಾಗದಲ್ಲಿ 10,000 ಓಮ್‌ನ ರೆಸಿಸ್ಟರ್ ಇಟ್ಟರೆ ದೀಪ ಸುರಕ್ಷಿತವಾಗಿಯೇ ಉಳಿಯುತ್ತದೆ, ಆದರೆ ಬೆಳಕು ತೀರ ಮಂಕಾಗುತ್ತದೆ.

ಮನುಷ್ಯನ ಉತ್ಸಾಹಕ್ಕೂ ಸಿಟ್ಟಿಗೂ ಈ ಲೆಕ್ಕ ಸಲ್ಲುತ್ತದೆ. ತಡೆಯೇ ಇಲ್ಲದ ಆವೇಗ ಬಹುಬೇಗ ಸುಟ್ಟುಹೋಗುತ್ತದೆ. ಅತಿಯಾದ ಕಟ್ಟುಪಾಡು ಚೈತನ್ಯವನ್ನೇ ಕುಂದಿಸುತ್ತದೆ. ಮಕ್ಕಳನ್ನು ಬೆಳೆಸುವವರೂ ಸಂಸ್ಥೆಗಳನ್ನು ನಡೆಸುವವರೂ ನಿಯಮಗಳನ್ನು ರೂಪಿಸುವಾಗ, ಎದುರಿಗಿರುವವರ ಸಾಮರ್ಥ್ಯವನ್ನು ಮೊದಲು ಅರಿತು, ಅದಕ್ಕೆ ತಕ್ಕಷ್ಟೇ ಮಿತಿಯನ್ನು ವಿಧಿಸುವುದು ವಿವೇಕ.