ಕಪಾಟಿನಲ್ಲಿ ಉಳಿದ ಸಿರಪ್



ಕಂಪ್ಯೂಟರ್ ಬಗ್ಗೆ ಮಾತನಾಡಲು ಹೆಡ್‌ಮಾಸ್ತರು ಹೇಳಿದ್ದರು. ಕ್ಷಮಿಸಿ, ನಾನು ಕಬ್ಬಿಣಾಂಶದ ಬಗ್ಗೆ ಮಾತನಾಡುತ್ತೇನೆ.

ನನ್ನ ಮಗಳಿಗೆ ಹತ್ತು ತಿಂಗಳು. ಬುದ್ಧಿ ಚುರುಕಾಗಲೆಂದು ಚಿತ್ರದ ಕಾರ್ಡುಗಳನ್ನು ರಾಶಿ ಹಾಕಿದ್ದೆ. ಅಂಗನವಾಡಿಯಲ್ಲಿ ಕೊಟ್ಟ ಕಬ್ಬಿಣಾಂಶದ ಸಿರಪ್ ಮಾತ್ರ, ಹಲ್ಲು ಕಪ್ಪಾಗುತ್ತದೆಂದು ಕಪಾಟಿನಲ್ಲೇ ಇತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2! ಬಿ.ಇ. ಓದಿದವನ ಮನೆಯಲ್ಲಿ.

ತಾಯಿಯಿಂದ ಬಂದ ಕಬ್ಬಿಣಾಂಶದ ದಾಸ್ತಾನು ಸುಮಾರು ಆರು ತಿಂಗಳಿಗೆ ಕರಗುತ್ತದೆ. ಎದೆಹಾಲಿನಲ್ಲಿ ಅದು ತೀರ ಕಡಿಮೆ. ಮೆದುಳು ಭರದಿಂದ ಬೆಳೆಯುವುದೂ ಆಗಲೇ; ನರತಂತುಗಳಿಗೆ ಹೊದಿಕೆ ಕಟ್ಟಲು ಕಬ್ಬಿಣಾಂಶ ಬೇಕು. ಆಗ ತಪ್ಪಿದರೆ, ಮುಂದೆ ರಕ್ತ ಸರಿಹೋದರೂ ಕೆಲವರಲ್ಲಿ ಕಲಿಕೆಯ ತೊಡಕು ಉಳಿಯಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ.

ಔಷಧಿಯಿಂದ ಮಗಳ ರಕ್ತ ಸರಿಹೋಯಿತು. ಮಾತು ತುಸು ತಡವಾಗಿ ಬಂತು. ಕಾರಣ ಇದೇ ಎಂದು ಯಾರೂ ಹೇಳಲಾರರು, ನಾನಂತೂ ಮರೆತಿಲ್ಲ.

ನಮ್ಮಮ್ಮ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಸರಿ ಮಾಡುತ್ತಿದ್ದರು. ಹಳೇಕಾಲದ್ದೆಂದು ನಾನು ನಕ್ಕಿದ್ದೆ. ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಮೊಳಕೆಯಲ್ಲಿ ಕಡಿಮೆಯಾಗುತ್ತದೆಂದು ಆಮೇಲೆ ಓದಿದೆ. ಜೊತೆಗೆ ಸೊಪ್ಪು, ಮೊಟ್ಟೆ, ನಾಲ್ಕು ಹನಿ ನಿಂಬೆರಸ ಸೇರಲಿ.

ಹೆಣ್ಣುಮಕ್ಕಳೇ, ನಾಳೆ ನಿಮ್ಮ ಮಗುವಿನ ದಾಸ್ತಾನು ನಿಮ್ಮ ಮೈಯಿಂದಲೇ ಹೋಗಬೇಕು. ಬೆಳಿಗ್ಗೆ ಹತ್ತನೇ ತರಗತಿಯ ಕಿಟಕಿಯಾಚೆ ಎರಡು ನೀಲಿ ಮಾತ್ರೆ ಕಂಡೆ. ಯಾರೆಂದು ಕೇಳುವುದಿಲ್ಲ. ಮುಂದಿನ ವಾರದ್ದನ್ನು ಊಟವಾದ ಮೇಲೆ ನುಂಗಿಬಿಡಿ. ಅದರ ಮೇಲೆ ಟೀ ಮಾತ್ರ ಕುಡಿಯಬೇಡಿ.